ಲಕ್ಷ ಕೊಂಬುಗಳಿಗೆ ಒಂದು ಫ್ರೇಮ್: ಮಸಾಯಿ ಮಾರಾದಲ್ಲಿ ಆಗಸ್ಟ್

ಕೀನ್ಯಾದ ಮಸಾಯಿ ಮಾರಾ ವನ್ಯಧಾಮಕ್ಕೆ ಹೊರಟ ಫೋಟೊ ಹುಚ್ಚಿನವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಷ್ಟು ಉದ್ದದ ಲೆನ್ಸ್ ಬೇಕು? ನಮ್ಮ ಗುಂಪಿನಲ್ಲೂ ತಿಂಗಳುಗಟ್ಟಲೆ ಅದೇ ಚರ್ಚೆ. ಮೈಸೂರಿನ ಡಾಕ್ಟರ್ ದೂರದ್ದನ್ನು ಹತ್ತಿರ ತರುವ 600 ಎಂಎಂ ಲೆನ್ಸ್ ಬಾಡಿಗೆಗೆ ತಂದರು. ನಾನು 100-400 ಜೊತೆಗೆ, ಅಗಲ ನೋಟ ಹಿಡಿಯುವ ಒಂದು 24-70 ಇಟ್ಟುಕೊಂಡೆ. ಹುಬ್ಬಳ್ಳಿಯ ಅಕ್ಕನ ಹತ್ತಿರ ಹಳೆಯ ಕ್ಯಾಮೆರಾ, ಅದಕ್ಕೊಂದು ಸಾಧಾರಣ ಜೂಮ್, ಅಷ್ಟೇ. ಶಿರಸಿಯ ನಿವೃತ್ತ ಮೇಷ್ಟ್ರು ಕ್ಯಾಮೆರಾವನ್ನೇ ತರಲಿಲ್ಲ. ಬೈನಾಕ್ಯುಲರ್ ಮತ್ತು ನೋಟ್‌ಬುಕ್ ಸಾಕು ಅಂದುಬಿಟ್ಟರು.

ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ವರ್ಷದ ಹೆಚ್ಚಿನ ಕಾಲ ತಾಂಜಾನಿಯಾದ ಸೆರೆಂಗೆಟಿ ಕಡೆ ಇರುತ್ತವೆ. ಉತ್ತರದಲ್ಲಿ ಕೀನ್ಯಾದ ಮಾರಾ ಬಯಲಿಗೆ ಬರುವುದು ಸುಮಾರಾಗಿ ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ. ಮಳೆ ಹಿಂದೆ ಮುಂದೆ ಆದರೆ ಇದೂ ಹಿಂದೆ ಮುಂದೆ. ಅದಕ್ಕೇ ಆಗಸ್ಟ್ ಆರಿಸಿದ್ದು. ದುಡ್ಡು ಉಳಿಸಬೇಕು ಅನ್ನುವವರಿಗೆ ಇದು ಸರಿಯಾದ ಕಾಲ ಅಲ್ಲ. ಜನವರಿಯಿಂದ ಜೂನ್‌ವರೆಗೆ ವಿದೇಶಿಯರಿಗೆ ದಿನಕ್ಕೆ 100 ಡಾಲರ್ ಇರುವ ಪ್ರವೇಶ ಶುಲ್ಕ, ಜುಲೈನಿಂದ 200 ಡಾಲರ್ ಆಗುತ್ತದೆ.

ಹೊರಡುವ ಮುಂಚೆ ಮಾಡಬೇಕಾದ ಕೆಲಸಗಳಲ್ಲಿ ಹಳದಿ ಜ್ವರದ ಲಸಿಕೆ ದೊಡ್ಡದು. ಹೊರಡಲು ಕನಿಷ್ಠ 10 ದಿನ ಇರುವಾಗಲೇ ಹಾಕಿಸಿಕೊಳ್ಳಬೇಕು. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಪ್ರತ್ಯೇಕವಾಗಿ ಇಡುತ್ತಾರೆ. ವೀಸಾ ತಲೆನೋವು ಈಗಿಲ್ಲ. 2024ರಿಂದ ಆನ್‌ಲೈನ್ ಅನುಮತಿ ಪತ್ರ ಸಾಕು. ಪ್ಲಾಸ್ಟಿಕ್ ಕೈಚೀಲ ಮಾತ್ರ ಬೇಡವೇ ಬೇಡ. ಕೀನ್ಯಾ 2017ರಲ್ಲೇ ಅದನ್ನು ನಿಷೇಧಿಸಿದೆ. ಚಪ್ಪಲಿ ಸುತ್ತಿದ್ದ ಕವರ್‌ಗಳನ್ನೆಲ್ಲ ಬೆಂಗಳೂರಿನಲ್ಲೇ ತೆಗೆದು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡೆವು. ಡ್ರೋನ್ ತರುವ ಆಸೆ ಡಾಕ್ಟರಿಗೆ ಇತ್ತು. ವಿಶೇಷ ಅನುಮತಿ ಇಲ್ಲದೆ ತಂದರೆ ಏರ್‌ಪೋರ್ಟ್‌ನಲ್ಲೇ ಇಟ್ಟುಕೊಳ್ಳುತ್ತಾರೆ ಎಂದು ಗೊತ್ತಾದ ಮೇಲೆ ಸುಮ್ಮನಾದರು.

ಮೊದಲ ದಿನ: ನೈರೋಬಿಯಿಂದ ಟಾಲೆಕ್

ನೈರೋಬಿ ಆಗಸ್ಟ್‌ನಲ್ಲಿ ಇಷ್ಟು ತಣ್ಣಗಿರುತ್ತದೆ ಎಂದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಆಫ್ರಿಕಾ ಅಂದರೆ ಸುಡು ಬಿಸಿಲು ಅಂದುಕೊಂಡು ಟೀ ಶರ್ಟ್ ತುಂಬಿಕೊಂಡು ಬರುತ್ತಾರೆ. ಊರು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಮೇಲಿದೆ. ಸ್ವೆಟರ್ ಬೇಕು.

ಗಾಡಿ ಮೇಲ್ಛಾವಣಿ ಏಳುವ ಲ್ಯಾಂಡ್ ಕ್ರೂಸರ್. ಚಾಲಕನೇ ಗೈಡ್. ಮಾರಾ ಅಂಚಿನ ಟಾಲೆಕ್ ಹತ್ತಿರದ ಮಸಾಯಿ ಬುಡಕಟ್ಟಿನ ಮನುಷ್ಯ, ಮಾತು ಕಡಿಮೆ. ಮೇಷ್ಟ್ರ ಬಿಳಿ ಕೂದಲು ನೋಡಿದ್ದೇ ಅವರನ್ನು 'ಮ್ಜೇ' ಎಂದು ಕರೆಯತೊಡಗಿದ. ಹಿರಿಯರನ್ನು ಅಲ್ಲಿ ಹಾಗೇ ಕರೆಯುತ್ತಾರೆ. ಪ್ರವಾಸ ಮುಗಿಯುವವರೆಗೂ ಗಾಡಿ ಎಲ್ಲಿ ನಿಲ್ಲಬೇಕು ಎಂದು ಅವನು ಕೇಳುತ್ತಿದ್ದದ್ದು ಮೇಷ್ಟ್ರನ್ನೇ. ದುಬಾರಿ ಲೆನ್ಸ್ ಹಿಡಿದ ನಮ್ಮನ್ನಲ್ಲ.

ಊರು ದಾಟಿದ ಸ್ವಲ್ಪ ಹೊತ್ತಿಗೆ ನೆಲ ಒಮ್ಮೆಲೇ ಕೆಳಗೆ ಕುಸಿಯುತ್ತದೆ. ಗ್ರೇಟ್ ರಿಫ್ಟ್ ವ್ಯಾಲಿ. ಎದುರಿಗೆ ಲಾಂಗೊನಾಟ್ ಜ್ವಾಲಾಮುಖಿಯ ಬಾಯಿ ಕಾಣುತ್ತದೆ. ಇಳಿಜಾರಿನ ಬುಡದಲ್ಲಿ ಒಂದು ಪುಟ್ಟ ಚರ್ಚ್ ಇದೆ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರ ಕೈಯಲ್ಲಿ ಈ ರಸ್ತೆ ಹಾಕಿಸಿದ್ದರು. ಅವರೇ 1942ರಲ್ಲಿ ಆ ಚರ್ಚ್ ಕಟ್ಟಿಕೊಂಡರಂತೆ. ಮೇಷ್ಟ್ರು ಇಳಿದು ಒಳಗೆ ಹೋಗಿ ಬಂದರು. ಉಳಿದವರು ಗಾಡಿಯಲ್ಲೇ ಕುಳಿತು ಬ್ಯಾಟರಿ ಎಣಿಸುತ್ತಿದ್ದೆವು.

ನಾರೋಕ್ ಪೇಟೆಯಲ್ಲಿ ಊಟ. ಚಪಾತಿ, ಬೀನ್ಸ್ ಪಲ್ಯ, ಸುಕುಮಾ ವಿಕಿ ಎಂಬ ಸೊಪ್ಪು. ಚಪಾತಿಗೆ ಅಲ್ಲಿಯೂ ಚಪಾತಿಯೇ, ಚಹಾಕ್ಕೆ ಚಾಯ್. ಬೀನ್ ಬ್ಯಾಗ್‌ಗಳನ್ನು ಬೆಂಗಳೂರಿನಿಂದ ಖಾಲಿ ತಂದಿದ್ದೆವು. ವಿಮಾನದಲ್ಲಿ ಕೈಚೀಲಕ್ಕೆ ಏಳು ಕಿಲೊ ಅಂದರೆ ಕಾಳು ತುಂಬಿಕೊಂಡು ಬರಲು ಆಗುತ್ತಾ? ನಾರೋಕ್‌ನ ಅಂಗಡಿಯಲ್ಲಿ ಹುರುಳಿಕಾಯಿ ಬೀಜ ಕೊಂಡು ತುಂಬಿಸಿದೆವು. ಇದು ಟ್ರೈಪಾಡ್‌ಗಿಂತ ಸಾವಿರ ಪಾಲು ಮೇಲು. ಗಾಡಿಯ ಅಂಚಿಗೆ ಹಾಕಿ ಲೆನ್ಸ್ ಒರಗಿಸಿದರೆ ಅಲುಗಾಟವಿಲ್ಲ.

ನಾರೋಕ್ ಬಿಟ್ಟ ಮೇಲೆ ರಸ್ತೆಯ ಎರಡೂ ಬದಿ ಗೋಧಿ ಹೊಲ, ತಂತಿ ಬೇಲಿ. ಹೋಗುವಾಗ ಅದನ್ನು ಯಾರೂ ಸರಿಯಾಗಿ ನೋಡಲಿಲ್ಲ. ಎಲ್ಲರ ಕಣ್ಣು ಮುಂದೆ ಬರುವ ಗೇಟಿನ ಮೇಲೆ.

ಸೆಕೆನಾನಿ ಗೇಟ್ ದಾಟುವಾಗ ಸಂಜೆ. ಕ್ಯಾಂಪ್ ಟಾಲೆಕ್ ನದಿಯ ದಡದಲ್ಲಿ. ಕರೆಂಟ್ ರಾತ್ರಿ ಕೆಲವೇ ಗಂಟೆ. ಒಂದು ಪ್ಲಗ್‌ಗೆ ಎಲ್ಲರ ಚಾರ್ಜರ್. ಅಲ್ಲಿ ಸಣ್ಣ ಜಗಳ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಎರಡನೆಯ ದಿನ: ಹಿಂಡು ಮತ್ತು ಮುಖ

ಬೆಳಿಗ್ಗೆ ಆರಕ್ಕೆ ಹೊರಟೆವು. ಸಮಭಾಜಕಕ್ಕೆ ಇಷ್ಟು ಹತ್ತಿರದ ಜಾಗದಲ್ಲಿ ಸೂರ್ಯ ಓರೆಯಾಗಿ ಏರುವುದಿಲ್ಲ, ನೇರ ಮೇಲಕ್ಕೆ ಹೋಗುತ್ತಾನೆ. ಆರೂವರೆ ದಾಟಿದ ಮೇಲೆ ಹುಟ್ಟಿದ ಸೂರ್ಯನ ಹೊಂಬಣ್ಣ ಎಂಟೂವರೆಗೆ ಮುಗಿಯಿತು. ಒಳ್ಳೆಯ ಬೆಳಕು ಸಿಗುವುದು ಅಷ್ಟೇ ಹೊತ್ತು. ಕಾಫಿ ಕುಡಿದು ನಿಧಾನಕ್ಕೆ ಹೊರಡೋಣ ಅನ್ನುವವರಿಗೆ ಮಾರಾ ಕಪ್ಪು ಮುಖದ ಪ್ರಾಣಿಗಳನ್ನು ಕಪ್ಪಾಗಿಯೇ ಕೊಡುತ್ತದೆ.

ಹಿಂಡು ಕಾಣುವ ಮೊದಲು ಕೇಳಿಸಿತು. ಗ್ನೂ, ಗ್ನೂ ಅನ್ನುವ ಒಂದೇ ಸಮನೆ ಗೊಣಗಾಟ. ದಿಬ್ಬ ಹತ್ತಿದಾಗ ಬಯಲು ಪೂರ್ತಿ ಕಪ್ಪು ಚುಕ್ಕೆ. ಹತ್ತಿರದಲ್ಲಿ ನೂರು, ಅದರಾಚೆ ಸಾವಿರ, ಅದರಾಚೆ ಎಣಿಕೆ ಬಿಟ್ಟುಬಿಡಬೇಕು. ನಡುನಡುವೆ ಜೀಬ್ರಾ. ಸುತ್ತಲೂ ಥಾಮ್ಸನ್ ಗಸೆಲ್ ಎಂಬ ಪುಟ್ಟ ಜಿಂಕೆಗಳು.

ಇವು ಜೊತೆಗೆ ಓಡಾಡುವುದು ಸ್ನೇಹಕ್ಕಲ್ಲ. ಜೀಬ್ರಾ ಉದ್ದ ಹುಲ್ಲಿನ ಮೇಲಿನ ಒರಟು ಕಾಂಡ ತಿನ್ನುತ್ತದೆ. ಆಗ ಕೆಳಗಿನ ಎಲೆ ವೈಲ್ಡ್‌ಬೀಸ್ಟ್‌ನ ಅಗಲ ಬಾಯಿಗೆ ಸಿಗುತ್ತದೆ. ಅವೂ ಮೇದು ಹೋದ ಮೇಲೆ ಚಿಗುರುವ ಎಳೆ ಹುಲ್ಲು ಗಸೆಲ್‌ಗೆ. ಒಂದೇ ಹುಲ್ಲುಗಾವಲಿಗೆ ಮೂರು ಪಾಳಿ. ಮೇಷ್ಟ್ರು ಇದನ್ನು ಹೇಳಿದ ಮೇಲೆ ಹಿಂಡನ್ನು ನೋಡುವ ರೀತಿಯೇ ಬೇರೆ ಆಯಿತು. ಯಾವುದು ಎಲ್ಲಿದೆ, ಹುಲ್ಲು ಎಷ್ಟು ಎತ್ತರ ಇದೆ ಎಂದು ನೋಡತೊಡಗಿದೆ.

ಡಾಕ್ಟರ್ ಅಷ್ಟರಲ್ಲಿ ಮುನ್ನೂರು ಚಿತ್ರ ತೆಗೆದಾಗಿತ್ತು. ಎಲ್ಲವೂ ಒಂದೊಂದು ವೈಲ್ಡ್‌ಬೀಸ್ಟ್‌ನ ಮುಖ. ಕಣ್ಣಿಗೆ ಫೋಕಸ್, ಹಿಂದೆ ಮಸುಕು. ತಾಂತ್ರಿಕವಾಗಿ ಒಂದು ತಪ್ಪು ಹೇಳುವಂತಿಲ್ಲ. ಅಕ್ಕ ಪರದೆ ನೋಡಿ ನಕ್ಕರು. "ಅಲ್ರೀ ಡಾಕ್ಟ್ರ, ಇದು ಮೈಸೂರು ಝೂದಾಗ ತಗದಿದ್ದು ಅಂದ್ರೂ ನಂಬ್ತಾರಲ್ರೀ. ಉಳಿದ ಲಕ್ಷ ಎಲ್ಲಿ ಹೋದ್ವು?"

ಮಾತು ಚುಚ್ಚುವಂಥದ್ದೇ, ಆದರೆ ನಿಜ. ನಮ್ಮ ಕಡೆಯ ವನ್ಯಜೀವಿ ಛಾಯಾಗ್ರಾಹಕರಿಗೆ ಈ ಉದ್ದ ಲೆನ್ಸಿನ ಚಟ ಬಂದಿದ್ದು ಕಬಿನಿ, ಬಂಡೀಪುರದಿಂದ. ಅಲ್ಲಿ ಕಾಡು ದಟ್ಟ. ಪೊದೆಯ ಸಂದಿಯಲ್ಲಿ ಹುಲಿ ಅರ್ಧ ನಿಮಿಷ ಕಾಣುತ್ತದೆ, ಮುಖ ಸಿಕ್ಕರೆ ಪುಣ್ಯ. ಅಲ್ಲಿಗೆ ಆ ಲೆನ್ಸ್ ಸರಿ. ಇಲ್ಲಿ ಬಯಲು. ಇಲ್ಲಿ ಪ್ರಾಣಿ ವಿಶೇಷವಲ್ಲ, ಪ್ರಾಣಿಗಳ ಸಂಖ್ಯೆ ವಿಶೇಷ. ವೈಲ್ಡ್‌ಬೀಸ್ಟ್ ಅಂಥ ಚೆಲುವಾದ ಪ್ರಾಣಿಯೂ ಅಲ್ಲ. ಎತ್ತರದ ಭುಜ, ಇಳಿಜಾರು ಬೆನ್ನು, ಉದ್ದ ಪೆಚ್ಚು ಮುಖ. ಒಂದೊಂದಾಗಿ ನೋಡಿದರೆ ಏನೂ ಇಲ್ಲ. ಸಾಲಾಗಿ ನಡೆಯತೊಡಗಿದರೆ ಕಣ್ಣು ತೆಗೆಯಲು ಆಗುವುದಿಲ್ಲ.

ಅಂದು ಮಧ್ಯಾಹ್ನದಿಂದ ನಾನು 24-70 ಹಾಕಿದವನು ಹೆಚ್ಚಾಗಿ ಅದನ್ನೇ ಉಳಿಸಿಕೊಂಡೆ. ಬಯಲಿನಲ್ಲಿ ಲೆನ್ಸ್ ಬದಲಿಸುವುದೂ ಒಳ್ಳೆಯದಲ್ಲ. ಧೂಳು ಸೀದಾ ಸೆನ್ಸರ್ ಮೇಲೆ ಕೂರುತ್ತದೆ. ಎರಡು ಕ್ಯಾಮೆರಾ ಇದ್ದವರಿಗೆ ಎರಡು ಲೆನ್ಸ್. ಒಂದೇ ಇದ್ದವರು ಬೆಳಿಗ್ಗೆಯೇ ತೀರ್ಮಾನ ಮಾಡಿಬಿಡಬೇಕು.

ಸಿಂಹಗಳೂ ಸಿಕ್ಕವು. ಹೊಟ್ಟೆ ಉಬ್ಬಿಸಿಕೊಂಡು ಮಲಗಿದ್ದವು. ಆಗಸ್ಟ್‌ನಲ್ಲಿ ಮಾರಾದ ಸಿಂಹಗಳಿಗೆ ಬೇರೆ ಕೆಲಸ ಇರುವುದಿಲ್ಲ.

ಮೂರನೆಯ ದಿನ: ಕಾಯುವುದು

ಎಲ್ಲರೂ ಬರುವುದು ಮಾರಾ ನದಿ ದಾಟುವ ದೃಶ್ಯಕ್ಕೆ. ನದಿ ಅಗಲವಾಗೇನಿಲ್ಲ. ದಂಡೆ ಮಾತ್ರ ಕಡಿದಾದ ಮಣ್ಣಿನ ಗೋಡೆ. ಇಳಿಯಲು ಕೆಲವೇ ಜಾಗ, ವರ್ಷ ವರ್ಷ ಅವೇ. ಹಿಂಡು ಆ ಜಾಗಕ್ಕೆ ಬಂದು ನಿಲ್ಲುತ್ತದೆ, ಮೂಸುತ್ತದೆ, ಹಿಂದೆ ಸರಿಯುತ್ತದೆ.

ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಒಂದೇ ಕಡೆ ಕುಳಿತೆವು. ನೀರಲ್ಲಿ ನೀರುಕುದುರೆಗಳು ಬುಸುಗುಟ್ಟುತ್ತಿದ್ದವು. ಮರಳಿನ ಮೇಲೆ ನೈಲ್ ಮೊಸಳೆಗಳು. ಅವಕ್ಕೂ ಅವಸರವಿಲ್ಲ. ನಾಲ್ಕೂಕಾಲಿಗೆ ಹಿಂಡು ಬೆನ್ನು ತಿರುಗಿಸಿ ಬಯಲಿಗೆ ಹೋಗಿ ಮೇಯತೊಡಗಿತು.

ಡಾಕ್ಟರ್ ಬೇಸರದಲ್ಲಿದ್ದರು. "ಇನ್ನೂರು ಡಾಲರ್ ಕೊಟ್ಟು ಮೊಸಳೆ ನಿದ್ದೆ ಮಾಡೋದು ನೋಡ್ದಂಗಾಯ್ತು" ಅಂದರು. ಚಾಲಕ "ಪೋಲೆ ಪೋಲೆ" ಎಂದು ಗಾಡಿ ತಿರುಗಿಸಿದ. ನಿಧಾನ, ನಿಧಾನ.

ನಾಲ್ಕನೆಯ ದಿನ: ನದಿ

ಮರುದಿನ ಅದೇ ಜಾಗ. ಹಿಂಡು ನಿನ್ನೆಗಿಂತ ದೊಡ್ಡದು. ಬೆಳಿಗ್ಗೆ ಹತ್ತರ ಹೊತ್ತಿಗೆ ಹಿಂದಿನಿಂದ ಬಂದು ಸೇರಿಕೊಳ್ಳುತ್ತಿದ್ದ ಸಾಲುಗಳು ಬಯಲಿನ ತುದಿಯವರೆಗೂ ಕಾಣುತ್ತಿದ್ದವು. ಗಾಡಿಗಳೂ ಹಾಗೇ ಸೇರಿದವು. ಐವತ್ತಾದರೂ ಇದ್ದಿರಬೇಕು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೊದಲ ಪ್ರಾಣಿಗಳು ನೀರಿಗೆ ಇಳಿದು ದಾಟತೊಡಗುವವರೆಗೂ ಗಾಡಿಗಳು ದಂಡೆಯಿಂದ ದೂರ ಇರಬೇಕು. ಹಿಂಡಿಗೆ ದಾರಿ ಕಾಣಬೇಕು. ಇಷ್ಟು ಸರಳ ನಿಯಮ. ಆದರೂ ಮುಂದಿನ ಸಾಲಿನ ಚಿತ್ರ ಬೇಕು ಅನ್ನುವ ಪ್ರವಾಸಿ, ಟಿಪ್ಸ್ ಜಾಸ್ತಿ ಸಿಗಲಿ ಅನ್ನುವ ಚಾಲಕ ಸೇರಿದರೆ ನಿಯಮ ಉಳಿಯುವುದಿಲ್ಲ. 2025ರ ಜುಲೈನಲ್ಲಿ ಸೆರೆಂಗೆಟಿ ಬದಿಯ ದಂಡೆಯಲ್ಲಿ ಜನ ಗಾಡಿಯಿಂದ ಇಳಿದು ಹಿಂಡಿಗೆ ಅಡ್ಡ ನಿಂತ ವಿಡಿಯೊ ಎಲ್ಲ ಕಡೆ ಹರಿದಾಡಿತ್ತು. ನೋಡಿದವರಿಗೆ ನೆನಪಿರಬಹುದು.

ನಮ್ಮ ಚಾಲಕ ಗಾಡಿಯನ್ನು ಇತರರಿಗಿಂತ ಹಿಂದೆ, ಸ್ವಲ್ಪ ಎತ್ತರದ ಜಾಗದಲ್ಲಿ, ಒಂದು ಬಾಲನೈಟಿಸ್ ಮರದ ಪಕ್ಕ ನಿಲ್ಲಿಸಿದ. ಡಾಕ್ಟರ್ ಮುಂದೆ ಹೋಗೋಣ ಅಂದರು. ಅವನು ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಬೈನಾಕ್ಯುಲರ್ ಇಳಿಸದೆಯೇ "ಇಲ್ಲೇ ಇರಲಿ ಬಿಡಿ ಡಾಕ್ಟ್ರೇ, ಇಲ್ಲಿಂದ ಎರಡೂ ದಡ ಕಾಣ್ತದೆ" ಅಂದರು. ಅಲ್ಲಿಗೆ ಮುಗಿಯಿತು.

ಹನ್ನೊಂದರ ಹೊತ್ತಿಗೆ ಒಂದು ಜೀಬ್ರಾ ಗುಂಪು ಕೆಳಗಿಳಿಯಿತು. ಮೊಣಕಾಲುದ್ದ ನೀರಿನಲ್ಲಿ ನಿಂತು ಕುಡಿಯಿತು. ಏನೋ ಸಪ್ಪಳಕ್ಕೆ ಬೆದರಿ ಎಲ್ಲ ಮೇಲೆ ಓಡಿದವು. ವೈಲ್ಡ್‌ಬೀಸ್ಟ್‌ಗಳು ಅಂಚಿಗೆ ಬಂದವು. ಹಿಂದಿನವು ತಳ್ಳುತ್ತವೆ, ಮುಂದಿನವು ಕಾಲೂರಿ ತಡೆಯುತ್ತವೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಎಲೆ ಹಾಕಿದ್ದರೂ ಯಾರೂ ಮೊದಲು ಕೂರುವುದಿಲ್ಲ. ಒಬ್ಬರು ಕೂತರೆ ಸಾಕು, ಆಮೇಲೆ ಜಾಗ ಸಿಗುವುದಿಲ್ಲ. ಅದೇ ಕಥೆ.

ಆ ಒಂದು ಪ್ರಾಣಿ ಹಾರಿತು. ಹಾರಿದ್ದೋ, ತಳ್ಳಿಸಿಕೊಂಡು ಬಿದ್ದಿದ್ದೋ ಹೇಳಲಾರೆ. ಅದರ ಹಿಂದೆ ಇನ್ನೊಂದು, ಹತ್ತು, ನೂರು. ದಂಡೆಯ ಮಣ್ಣು ಕುಸಿದು ಧೂಳಿನ ಗೋಡೆ ಎದ್ದಿತು. ಐವತ್ತು ಎಂಜಿನ್‌ಗಳು ಒಟ್ಟಿಗೆ ಶುರುವಾದವು. ಮುಂದಿದ್ದ ಗಾಡಿಗಳು ಅಂಚಿನ ಕಡೆ ನುಗ್ಗಿದವು.

ಕ್ಯಾಮೆರಾ ವಿಷಯ ಹೇಳುವುದಾದರೆ, 1/2000 ಸೆಕೆಂಡ್, ಎಫ್8, ಐಎಸ್ಒ ಆಟೊ. ಧೂಳು ಬೆಳ್ಳಗೆ, ಪ್ರಾಣಿ ಕಪ್ಪಗೆ. ಬೆಳಕು ಅಳೆಯುವ ಮೀಟರ್ ಗೊಂದಲಕ್ಕೆ ಬೀಳುತ್ತದೆ. ಧೂಳು ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿಕೊಂಡೆ. ಕಣ್ಣು ಹುಡುಕುವ ಆಟೊಫೋಕಸ್ ಇಲ್ಲಿ ಕೆಲಸಕ್ಕೆ ಬಾರದು. ಅದು ಜೀಬ್ರಾದ ಪಟ್ಟೆ ಕಂಡರೆ ಅಲ್ಲಿಗೇ ಓಡುತ್ತದೆ. ಅದನ್ನು ಆರಿಸಿ, ನೀರಿನ ನಡುವಿನ ಒಂದು ಜಾಗಕ್ಕೆ ಫೋಕಸ್ ಕಟ್ಟಿಹಾಕಿದೆ. ಕೆಲವು ಚಿತ್ರಗಳನ್ನು 1/30ಕ್ಕೆ ಇಳಿಸಿ ಕ್ಯಾಮೆರಾ ತಿರುಗಿಸುತ್ತ ತೆಗೆದೆ. ಕಾಲುಗಳು ಕರಗಿ ನೀರಿನ ಗೆರೆಯಾಗುತ್ತವೆ. ನೂರಕ್ಕೆ ಎರಡು ಉಳಿದರೆ ಲಾಭ.

ಹಿಂದೆ ನಿಂತಿದ್ದರ ಬೆಲೆ ಆಗ ಗೊತ್ತಾಯಿತು. ಈ ಕಡೆ ಇಳಿಯುತ್ತಿರುವ ಹಿಂಡು, ನಡುವೆ ನೀರಲ್ಲಿ ತಲೆಗಳ ಓರೆ ಸಾಲು, ಆ ಕಡೆ ಒದ್ದೆ ಮೈಯಲ್ಲಿ ಏರುತ್ತಿರುವವು. ಮೂರೂ ಒಂದೇ ಫ್ರೇಮಿನಲ್ಲಿ. ಮುಂದೆ ನುಗ್ಗಿದವರಿಗೆ ಸಿಕ್ಕಿದ್ದು ಪಕ್ಕದ ಗಾಡಿಯ ಟೈರು ಮತ್ತು ಧೂಳು. ಇನ್ನೊಂದು ತಾಂತ್ರಿಕ ಕಾರಣವೂ ಇದೆ. ದಾಟುವುದು ಹೆಚ್ಚಾಗಿ ಬಿಸಿಲೇರಿದ ಮೇಲೆ. ಕಾದ ನೆಲದಿಂದ ಏಳುವ ಗಾಳಿಯ ನಡುಕ ಉದ್ದ ಲೆನ್ಸಿನಲ್ಲಿ ಚಿತ್ರವನ್ನೇ ನಡುಗಿಸುತ್ತದೆ. ಡಾಕ್ಟರ್ 600ರಲ್ಲಿ ಆಚೆ ದಡದ ಚಿತ್ರ ತೆಗೆದರು. ಒಂದೂ ಚೂಪಾಗಿ ಬರಲಿಲ್ಲ. ಲೆನ್ಸಿನ ದೋಷವಲ್ಲ, ಗಾಳಿಯದು.

ಮೊಸಳೆ ಒಂದು ಮರಿಯನ್ನು ಹಿಡಿಯಿತು. ಆರು ತಿಂಗಳಿನದು ಇರಬೇಕು. ಇವುಗಳ ಮರಿಗಳಲ್ಲಿ ಹೆಚ್ಚಿನವು ಫೆಬ್ರವರಿ ಆಸುಪಾಸಿನಲ್ಲಿ, ಸೆರೆಂಗೆಟಿಯ ದಕ್ಷಿಣದ ಎನ್‌ಡುಟು ಬಯಲಿನಲ್ಲಿ, ಎರಡು ಮೂರು ವಾರಗಳ ಒಳಗೇ ಹುಟ್ಟುತ್ತವೆ. ಹಾಗಾಗಿ ಹಿಂಡಿನ ಮರಿಗಳೆಲ್ಲ ಹೆಚ್ಚು ಕಡಿಮೆ ಒಂದೇ ವಯಸ್ಸಿನವು. ಬಾಯಿ ತೆರೆದದ್ದು ಕಾಣಲಿಲ್ಲ, ಗದ್ದಲವೂ ಆಗಲಿಲ್ಲ. ತಲೆ ಇತ್ತು, ಇಲ್ಲವಾಯಿತು. ಸುತ್ತಲಿನವು ಈಜುತ್ತಲೇ ಇದ್ದವು. ಟಿವಿಯಲ್ಲಿ ತೋರಿಸುವ ಹೋರಾಟ ಅಲ್ಲಿ ಇರಲಿಲ್ಲ.

ಇಪ್ಪತ್ತು ನಿಮಿಷ ನಡೆದಿರಬಹುದು. ಆಮೇಲೆ ಆದದ್ದು ಬೇಸರದ ಸಂಗತಿ. ಆಚೆ ದಡದಲ್ಲಿ ಒಂದು ಗಾಡಿ ಹಿಂಡು ಏರುವ ದಾರಿಗೇ ಬಂದು ನಿಂತಿತು. ಏರುತ್ತಿದ್ದವು ತಡೆದವು. ಹಿಂದಿನವು ಒತ್ತಿದವು. ಕೆಲವು ತಿರುಗಿ ನೀರಿಗೆ ಬಿದ್ದು ಬಂದ ದಡಕ್ಕೇ ಈಜಿದವು. ಈ ಕಡೆ ಇಳಿಯಬೇಕಿದ್ದವು ನಿಂತುಬಿಟ್ಟವು. ಅರ್ಧ ಹಿಂಡು ಆ ಕಡೆ, ಅರ್ಧ ಈ ಕಡೆ. ಮರಿ ಕಳೆದುಕೊಂಡ ತಾಯಂದಿರು ದಂಡೆಯುದ್ದಕ್ಕೂ ಕೂಗುತ್ತ ಓಡಾಡಿದವು. ಕೆಲವು ಮರಿಗಾಗಿ ಮತ್ತೆ ನೀರಿಗಿಳಿದವು. ರೇಂಜರ್ ಬಂದು ಆ ಗಾಡಿಯ ನಂಬರ್ ಬರೆದುಕೊಂಡರು.

ನಮ್ಮ ಚಾಲಕ ಏನೂ ಅನ್ನಲಿಲ್ಲ. ಎಂಜಿನ್ ಆರಿಸಿ ಕುಳಿತಿದ್ದ. ಹಿಂಡು ಪೂರ್ತಿ ಹಿಂದೆ ಹೋಗುವವರೆಗೆ ಅದನ್ನು ಶುರು ಮಾಡಲೂ ಇಲ್ಲ.

ಐದನೆಯ ದಿನ: ಮೇಲಿನಿಂದ, ಕೆಳಗಿನಿಂದ

ಅಕ್ಕನಿಗೆ ಬಲೂನ್ ಹತ್ತುವ ಆಸೆ. ಸುಮಾರು 500 ಡಾಲರ್. "ಮಗಾ ಕೊಟ್ಟಾನ್ರೀ, ನಾ ಯಾಕ ಬಿಡ್ಲಿ" ಎಂದು ಕತ್ತಲಲ್ಲೇ ಎದ್ದು ಹೋದರು. ವಾಪಸ್ ಬಂದು ತೋರಿಸಿದ ಚಿತ್ರ ನೋಡಿ ನಾವೆಲ್ಲ ಸುಮ್ಮನಾದೆವು. ಹಳದಿ ಹುಲ್ಲಿನ ಮೇಲೆ ನೂರಾರು ಸಣ್ಣ ಕಾಲುದಾರಿಗಳು, ಹೆಣೆದುಕೊಂಡು ಬಿಚ್ಚಿಕೊಂಡು ನದಿಯತ್ತ ಹೋಗುತ್ತವೆ. ಪ್ರತಿ ದಾರಿಯ ಮೇಲೂ ಕಪ್ಪು ಮಣಿಗಳು. ಬೆಳಗಿನ ಓರೆ ಬೆಳಕಿಗೆ ಒಂದೊಂದರ ನೆರಳೂ ಉದ್ದಕ್ಕೆ ಮಲಗಿದೆ. ಹಳೆಯ ಕ್ಯಾಮೆರಾ, ಸಾಧಾರಣ ಲೆನ್ಸ್.

ಈ ಪ್ರಾಣಿಗಳ ಲೆಕ್ಕ ಶುರುವಾದದ್ದೂ ಮೇಲಿನಿಂದಲೇ. ಜರ್ಮನಿಯ ಬರ್ನ್‌ಹಾರ್ಡ್ ಗ್ರಿಮೆಕ್ ಮತ್ತು ಅವರ ಮಗ ಮಿಖಾಯೆಲ್ 1958ರಲ್ಲಿ ಜೀಬ್ರಾ ಪಟ್ಟೆ ಬಳಿದ ಪುಟ್ಟ ವಿಮಾನದಲ್ಲಿ ಸೆರೆಂಗೆಟಿ ಮೇಲೆ ಹಾರಿ ಎಣಿಸಿದರು. ಸಿಕ್ಕಿದ್ದು ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ ವೈಲ್ಡ್‌ಬೀಸ್ಟ್. ಮುಂದಿನ ವರ್ಷ ಜನವರಿಯಲ್ಲಿ ಮಿಖಾಯೆಲ್ ವಿಮಾನ ರಣಹದ್ದಿಗೆ ಬಡಿದು ಬಿದ್ದಿತು. ಅವರು ಉಳಿಯಲಿಲ್ಲ. ಆಮೇಲೆ ಸಂಖ್ಯೆ ಏರುತ್ತಾ ಹೋಗಿ 1970ರ ದಶಕದ ಕೊನೆಗೆ ಸುಮಾರು 13 ಲಕ್ಷ ಮುಟ್ಟಿತು. ಕಾರಣ ಕಾಡಿನ ಒಳಗಿರಲಿಲ್ಲ. ಸುತ್ತಲಿನ ದನಗಳಿಗೆ ದೊಡ್ಡ ರೋಗದ ಲಸಿಕೆ ಹಾಕಿದ್ದರು. ರಿಂಡರ್‌ಪೆಸ್ಟ್ ಅನ್ನುತ್ತಾರಲ್ಲ, ಅದೇ. ದನಗಳಿಂದ ಹರಡುತ್ತಿದ್ದ ರೋಗ ನಿಂತ ಮೇಲೆ ವೈಲ್ಡ್‌ಬೀಸ್ಟ್ ಮರಿಗಳು ಬದುಕತೊಡಗಿದವು. ನಮ್ಮ ಊರುಗಳಲ್ಲಿ ಹಳಬರಿಗೆ ಆ ರೋಗದ ಹೆಸರು ಚೆನ್ನಾಗಿ ಗೊತ್ತು. 2011ರಲ್ಲಿ ಅದು ಜಗತ್ತಿನಿಂದಲೇ ನಿರ್ಮೂಲವಾಯಿತು ಎಂದು ಘೋಷಿಸಿದರು.

ಈ 13 ಲಕ್ಷವನ್ನೇ ಎಲ್ಲರೂ ಈಗಲೂ ಹೇಳುತ್ತಾರೆ. ಗೈಡ್‌ಗಳೂ, ಕರಪತ್ರಗಳೂ. ಉಪಗ್ರಹ ಚಿತ್ರಗಳಲ್ಲಿ ಕಂಪ್ಯೂಟರ್‌ನಿಂದ ಎಣಿಸಿದ 2025ರ ಒಂದು ಅಧ್ಯಯನ ಮಾತ್ರ ಆರು ಲಕ್ಷಕ್ಕಿಂತ ಕಡಿಮೆ ಎಂದಿದೆ. ಮರದ ಕೆಳಗೆ ನಿಂತವು ಉಪಗ್ರಹಕ್ಕೆ ಕಾಣುವುದಿಲ್ಲ ಎನ್ನುವ ವಾದವೂ ಇದೆ. ಅಕ್ಕನ ಒಂದೇ ಚಿತ್ರದಲ್ಲಿ ಮೇಷ್ಟ್ರು ಪೆನ್ನಿನ ತುದಿ ಹಿಡಿದು ಎಣಿಸಲು ಹೋದರು. ನಾನೂರರ ಹತ್ತಿರ ತಪ್ಪಿತು. ಮತ್ತೆ ಶುರು ಮಾಡಿದರು, ಮತ್ತೆ ತಪ್ಪಿತು.

ಮಧ್ಯಾಹ್ನ ಪುರುಂಗಾಟ್ ಸೇತುವೆಗೆ ಹೋದೆವು. ತಾಂಜಾನಿಯಾ ಗಡಿ ಅಲ್ಲೇ ಪಕ್ಕದಲ್ಲಿ. ರೇಂಜರ್ ಜೊತೆಗಿದ್ದರೆ ಗಾಡಿಯಿಂದ ಇಳಿಯಬಹುದು. ಇಳಿಯುವ ಮುಂಚೆಯೇ ಮೂಗಿಗೆ ಬಡಿಯಿತು. ನದಿ ದಾಟುವಾಗ ಸತ್ತವು ಹರಿದು ಬಂದು ಇಲ್ಲಿನ ಕಲ್ಲುಗಳಿಗೆ ಸಿಕ್ಕಿಕೊಳ್ಳುತ್ತವೆ. ರಣಹದ್ದುಗಳು, ಬೋಳು ತಲೆಯ ಮಾರಾಬೂ ಕೊಕ್ಕರೆಗಳು ಸಾಲಾಗಿ ನಿಂತಿದ್ದವು.

ಮೊಸಳೆಯಿಂದ ಸಾಯುವವು ಕಡಿಮೆ, ಮುಳುಗಿ ಸಾಯುವವೇ ಜಾಸ್ತಿ. 2001ರಿಂದ 2015ರವರೆಗಿನ ಲೆಕ್ಕದ ಪ್ರಕಾರ ವರ್ಷಕ್ಕೆ ಸರಾಸರಿ 6,250 ಹೆಣಗಳು ಈ ನದಿಗೆ ಸೇರುತ್ತವೆ. ಮಾಂಸ ಕೆಲವೇ ವಾರಗಳಲ್ಲಿ ಕರಗುತ್ತದೆ. ಮೂಳೆ ಕರಗಲು ಏಳು ವರ್ಷ ಬೇಕು. ಅಲ್ಲಿಯವರೆಗೆ ಅದರ ರಂಜಕ ನೀರಿಗೆ ಸೇರುತ್ತಲೇ ಇರುತ್ತದೆ. ಮೂಳೆ ಮೇಲೆ ಬೆಳೆಯುವ ಪಾಚಿ ಪದರವನ್ನು ಮೀನು ತಿನ್ನುತ್ತದೆ. ದಂಡೆಯ ಮೇಲಿದ್ದ ನಮಗೆ ಕಂಡದ್ದು ಹೆಣ, ನದಿಗೆ ಅದು ಊಟ.

ಇಲ್ಲಿ ಡಾಕ್ಟರ್ ಲೆನ್ಸಿಗೆ ಕೊನೆಗೂ ಕೆಲಸ ಸಿಕ್ಕಿತು. ರಪ್ಪೆಲ್ ರಣಹದ್ದಿನ ಚುಕ್ಕೆ ಚುಕ್ಕೆ ರೆಕ್ಕೆ, ತಿಳಿ ಬಣ್ಣದ ಕೊಕ್ಕು, ಅದರಲ್ಲಿ ಒಂದು ತುಣುಕು ಚರ್ಮ. ಆ ಚಿತ್ರ ನಿಜಕ್ಕೂ ಚೆನ್ನಾಗಿದೆ. ಇಡೀ ಗುಂಪಿನ ಬೇರೆ ಯಾರಿಗೂ ಅದು ಸಿಗಲು ಸಾಧ್ಯವಿರಲಿಲ್ಲ. ಅಕ್ಕ ಮೂಗಿಗೆ ಸೆರಗು ಹಿಡಿದುಕೊಂಡೇ ಶಭಾಷ್ ಅಂದರು. ಮೇಷ್ಟ್ರು ರಣಹದ್ದುಗಳ ಜಾತಿ ಬರೆದುಕೊಂಡರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಒಂದು ರಣಹದ್ದು ಕಂಡರೆ ನಾವು ಒಬ್ಬರಿಗೊಬ್ಬರು ಫೋನ್ ಮಾಡಿ ಹೇಳುತ್ತೇವೆ. ಇಲ್ಲಿ ಒಂದೇ ಹೆಣದ ಸುತ್ತ ಮೂರು ಜಾತಿ.

ಕೊನೆಯ ದಿನ: ಬೇಲಿ

ಬೆಳಿಗ್ಗೆ ಬೀನ್ ಬ್ಯಾಗ್ ಖಾಲಿ ಮಾಡಿ ಕಾಳನ್ನು ಕ್ಯಾಂಪಿನ ಅಡುಗೆಯವರಿಗೆ ಕೊಟ್ಟೆವು. ಗೇಟ್ ದಾಟಿ ನಾರೋಕ್ ಕಡೆ ಹೊರಟೆವು. ಬರುವಾಗ ನೋಡದೆ ಬಿಟ್ಟಿದ್ದ ಗೋಧಿ ಹೊಲ ಈಗ ಕಣ್ಣಿಗೆ ಬಿತ್ತು.

ಚಾಲಕನೇ ಮಾತು ತೆಗೆದ. ಇದು ಲೊಯಿಟಾ ಬಯಲಿನ ಅಂಚು. ಸೆರೆಂಗೆಟಿಯಿಂದ ಬರುವ ದೊಡ್ಡ ಹಿಂಡು ಬೇರೆ. ಲೊಯಿಟಾದಲ್ಲಿ ಕೀನ್ಯಾದ್ದೇ ಒಂದು ಹಿಂಡು ಇತ್ತು. ಮಳೆಗಾಲದಲ್ಲಿ ಇಲ್ಲಿ, ಬೇಸಿಗೆಯಲ್ಲಿ ಮಾರಾಕ್ಕೆ. ಅವನ ಅಪ್ಪ ದನ ಕಾಯುತ್ತಿದ್ದಾಗ ಮರಿ ಹಾಕುವ ಕಾಲಕ್ಕೆ ದನಗಳನ್ನು ದೂರ ಹೊಡೆದುಕೊಂಡು ಹೋಗಬೇಕಿತ್ತಂತೆ. ವೈಲ್ಡ್‌ಬೀಸ್ಟ್ ಮರಿಗಳಿಂದ ದನಗಳಿಗೆ ಒಂದು ಮಾರಕ ಜ್ವರ ಬರುತ್ತದೆ. ಅಷ್ಟು ಮರಿಗಳು ಇಲ್ಲಿ ಹುಟ್ಟುತ್ತಿದ್ದವು. 1977ರಲ್ಲಿ ಈ ಹಿಂಡಿನ ಸಂಖ್ಯೆ ಸುಮಾರು 1,19,000. 1997ರಲ್ಲಿ ಸುಮಾರು 22,000. ನಡುವೆ ಬಂದದ್ದು ಯಂತ್ರದ ಗೋಧಿ ಬೇಸಾಯ. ಆಮೇಲೆ ಜಮೀನು ಪಾಲಾಗಿ ಬೇಲಿ ಬಂತು.

"ಗೋಧಿ ಬೆಳೆದವರದ್ದೂ ಹೊಟ್ಟೆಪಾಡೇ ಅಲ್ವಾ" ಅಂದರು ಮೇಷ್ಟ್ರು. ಚಾಲಕ ತಲೆಯಾಡಿಸಿದ. ಅವನ ಅಣ್ಣನ ಜಮೀನೂ ಗುತ್ತಿಗೆಗೆ ಹೋಗಿದೆ. ಟಾಲೆಕ್ ಸುತ್ತ ಮಾತ್ರ ಕೆಲವರು ಬೇಲಿ ತೆಗೆದು ಜಮೀನನ್ನು ವನ್ಯಜೀವಿಗಳಿಗೆ ಬಿಟ್ಟು, ಪ್ರವಾಸಿ ಕ್ಯಾಂಪ್‌ಗಳಿಂದ ತಿಂಗಳ ಬಾಡಿಗೆ ಪಡೆಯುತ್ತಾರೆ. ಅಂಥ ಕಡೆ ಹಿಂಡು ಮತ್ತೆ ಕಾಣುತ್ತಿದೆ ಎಂದ.

ನಾನು ಗಾಡಿ ನಿಲ್ಲಿಸಲು ಹೇಳಿ 24 ಎಂಎಂನಲ್ಲಿ ಒಂದು ಚಿತ್ರ ತೆಗೆದೆ. ತಂತಿ, ಕೊಯ್ದ ಗೋಧಿಯ ಕೂಳೆ, ದೂರದಲ್ಲಿ ಒಂದು ಟ್ರ್ಯಾಕ್ಟರ್. ಪ್ರಾಣಿ ಒಂದೂ ಇಲ್ಲ. ಡಾಕ್ಟರ್ ಇದೆಂಥಾ ಫೋಟೊ ಮಾರಾಯ್ರೆ ಅಂದರು. ಆಮೇಲೆ ತಾವೂ ಇಳಿದು ಬಂದು, 600 ಇದಕ್ಕೆ ಆಗುವುದಿಲ್ಲ ಎಂದು ನನ್ನ ಕ್ಯಾಮೆರಾವನ್ನೇ ಕೇಳಿ ತೆಗೆದುಕೊಂಡರು. ನಾರೋಕ್‌ನಲ್ಲಿ ಊಟಕ್ಕೆ ಕೂತಾಗ ಫೆಬ್ರವರಿಯಲ್ಲಿ ಎನ್‌ಡುಟುಗೆ ಎಷ್ಟು ಖರ್ಚಾಗುತ್ತದೆ ಎಂದು ಚಾಲಕನನ್ನು ಕೇಳುತ್ತಿದ್ದರು. ಅಕ್ಕ ಅಲ್ಲಿ ಬಲೂನ್ ಇದೆಯಾ ಎಂದು ಕೇಳಿದರು.